ಒಗೆಯುವ ಕಲ್ಲಿನ ಅಡಿಯ ಆನೆಗಳು

ಇವತ್ತು ಮಧ್ಯಾಹ್ನದಿಂದ ನನ್ನ ನೆಮ್ಮದಿ ಕೆಟ್ಟಿದೆ ಸ್ನೇಹಿತರೇ. ಕಾರಣ, ನಾಲ್ಕನೇ ಕ್ಲಾಸಿನಲ್ಲಿರುವ ನನ್ನ ಮಗಳು ಪದ್ಮ.

ಊಟಕ್ಕೆ ಬಂದವಳು ತಟ್ಟೆ ಮುಂದೆ ಕೂತು ಹೇಳಿದಳು: "ಅಪ್ಪ, ಕರ್ತವ್ಯ ಅಂತ ಹೊಸ ಪಾಠ ಬಂದೈತೆ. ಹಳೇ ಶಿಲ್ಪ ಕಾಪಾಡ್ಬೇಕಂತೆ. ಎಲ್ಲೆಲ್ಲಿ ಕೆತ್ತನೆ ಕಲ್ಲು ಐತೆ ಬರ್ಕೊಂಡ್ ಬನ್ನಿ ಅಂದ್ರು ಮೇಷ್ಟ್ರು. ನಾನು ನಮ್ಮ ಬಟ್ಟೆ ಒಗಿಯೋ ಕಲ್ಲು ಬರ್ದೆ."

ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿ ಬಂದೆ. ಹಿತ್ತಲಿನ ಆ ಕಲ್ಲನ್ನು ನಮ್ಮಪ್ಪ ಎಲ್ಲಿಂದಲೋ ಗಾಡಿಯಲ್ಲಿ ಹೇರಿ ತಂದಿದ್ದು. ಅಡಿಯಲ್ಲಿ ಆನೆಗಳ ಸಾಲಿದೆ. ಹಳೇಬೀಡಿನಲ್ಲಿ ಇಂಥ ಕಲ್ಲಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಪುರಾತತ್ವ ಇಲಾಖೆಯವರಿಗೆ ಗೊತ್ತಾದರೆ ಜೈಲೇ ಗತಿ ಎಂದು ದೇವಸ್ಥಾನದ ಕಾವಲುಗಾರ ಮೊನ್ನೆ ತಾನೇ ಹೆದರಿಸಿದ್ದ.

"ಬರಿಯೋ ಮೊದ್ಲು ನನ್ನ ಕೇಳ್ಬಾರ್ದಿತ್ತೇನೇ?"

"ನಿಜ ಹೇಳೋಕೆ ಯಾರನ್ನೂ ಕೇಳ್ಬಾರ್ದಂತೆ."

ಸಂಜೆ ಮೇಷ್ಟ್ರೇ ನನ್ನ ಅಂಗಡಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು, ಕೈಯಲ್ಲಿ ಪದ್ಮ ಬರೆದ ಪಟ್ಟಿಯಿತ್ತು. "ನಾಳೆನೇ ಕಲ್ಲನ್ನ ದೇವಸ್ಥಾನದ ಹತ್ರ ಇಟ್ಟು ಬರ್ತೀನಿ ಮೇಷ್ಟ್ರೇ" ಎಂದು ಕೈ ಮುಗಿದೆ.

"ನಿಮ್ಮದಿರ್ಲಿ ಕಣ್ರೀ. ಮೊದಲನೇ ಸಾಲು ಓದಿ."

ಮಗಳ ದುಂಡು ಅಕ್ಷರ: 'ನಮ್ಮ ಶಾಲೆಯ ಧ್ವಜದ ಕಟ್ಟೆ. ಕೆತ್ತನೆ ಕಲ್ಲು ಆರು.' ಆ ಕಟ್ಟೆಯನ್ನು ನಿಂತು ಕಟ್ಟಿಸಿದವರು ಇದೇ ಮೇಷ್ಟ್ರು.

"ಹರಿದು ಹಾಕಿ" ಎಂದೆ.

"ಇದು ನಕಲು. ಅಸಲನ್ನ ಆಗ್ಲೇ ಕಾವಲುಗಾರನ ಕೈಗೆ ಕೊಟ್ಟಿದ್ದಾಳೆ."

ಈಗ ಇಬ್ಬರೂ ಅಂಗಡಿ ಮುಂದೆ ಕೂತು, ರಸ್ತೆಯಲ್ಲಿ ಜೀಪಿನ ಸದ್ದಾದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದೇವೆ. ಪುಣ್ಯಕ್ಕೆ ನಾವು ಕೂತಿರುವ ಬೆಂಚು ಮರದ್ದು.