ಸಹಿಯ ಮೇಲಿನ ಗಂಧ

ದೇವಸ್ಥಾನದಲ್ಲಿ ಅರ್ಚಕರು ಅಂಗೈಗೆ ಹಾಕಿದ ಗಂಧ ಮನೆಗೆ ಬಂದರೂ ಪೂರ್ತಿ ಒಣಗಿರಲಿಲ್ಲ. ಆ ವಾಸನೆಗೆ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಅಜ್ಜ ನೆನಪಾದರು. ನೆನಪಾದದ್ದು ಅವರೋ, ಇಷ್ಟು ವರ್ಷಗಳಲ್ಲಿ ನಾನೇ ತಿದ್ದಿಕೊಂಡ ಅವರ ಚಿತ್ರವೋ...

ಹೆಂಡತಿ ತೀರಿಕೊಂಡ ಮೇಲೆ ಮಂಗಳೂರಿನಿಂದ ಅಮೆರಿಕದ ಸನ್ನಿವೇಲ್‌ಗೆ, ಮಗಳ ಮನೆಗೆ ಬಂದವರು. ಬರುವಾಗ ಗಂಧ ತೇಯುವ ಕಲ್ಲನ್ನೂ ಗಾಜಿನ ಕಟ್ಟು ಹಾಕಿಸಿದ ಒಂದು ಪತ್ರವನ್ನೂ ತಂದಿದ್ದರು. ಅವರ ಮುತ್ತಜ್ಜ ಮುನ್ಷಿ. ಹೊಸದಾಗಿ ಬಂದ ಒಬ್ಬ ಎಳೆಯ ಬ್ರಿಟಿಷ್ ಅಧಿಕಾರಿಗೆ ಕನ್ನಡ ಕಲಿಸಿದ್ದರು. ಆತ ಕಲೆಕ್ಟರಾಗಿ, ಮದ್ರಾಸಿನಲ್ಲಿ ದೊಡ್ಡ ಹುದ್ದೆಗೇರಿ, ಕೊನೆಗೆ ಲಂಡನ್ನಿನಲ್ಲಿ ಮಂತ್ರಿಯಾದ. ಮಂತ್ರಿಯಾದ ಮೇಲೆ ಮುನ್ಷಿಗೆ ಬರೆದ ಪತ್ರವದು. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಕುಶಲ. ಸಹಿ ಮಾತ್ರ ಕನ್ನಡದಲ್ಲಿ, ಮಗುವಿನ ಕೈಬರಹದ ಹಾಗೆ.

ನಾನು ಕಾಫಿಗೆ ಹೋದಾಗಲೆಲ್ಲ ಅಜ್ಜ ಆತನ ಬಡ್ತಿಗಳನ್ನು ಕ್ರಮವಾಗಿ ಹೇಳುತ್ತಿದ್ದರು. ನವರಾತ್ರಿಯಲ್ಲಿ ಪುಸ್ತಕಗಳ ಜೊತೆ ಪತ್ರವನ್ನೂ ಪೂಜೆಗಿಟ್ಟು ಗಾಜಿಗೆ ಗಂಧ ಹಚ್ಚುತ್ತಿದ್ದರು.

"ಅಜ್ಜಾ, ಹಿ ವಾಸ್ ದಿ ಬ್ಯಾಡ್ ಗೈ" ಎಂದಳು ಮೊಮ್ಮಗಳು ಒಮ್ಮೆ.

"ಹೌದು. ಅವನಿಗೆ ಯಾರು ಪೂಜೆ ಮಾಡ್ತಾರೆ? ಇದು ಕಲಿಸಿದವರಿಗೆ." ಮತ್ತೆ ನನ್ನ ಕಡೆ ತಿರುಗಿ, "ಇವಳಿಗೆ ಕನ್ನಡ ಕಲಿಲಿಕ್ಕೆ ಟೈಮಿಲ್ಲ. ಆ ದೊರೆಗೆ ಟೈಮಿತ್ತು ನೋಡಿ ಮಾರಾಯ್ರೆ" ಎಂದರು.

ಒಂದು ವರ್ಷ ನವರಾತ್ರಿಗೆ ಮುಂಚೆ ಮಗಳು ಪತ್ರವನ್ನು ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಕಾಗದಪತ್ರಗಳ ವ್ಯಾಪಾರಿಗೆ ಮಾರಲು ನಿರ್ಧರಿಸಿದಳು. "ಇಲ್ಲಿ ಅದನ್ನು ಯಾರು ನೋಡ್ಕೊಳ್ತಾರಪ್ಪ? ಬೆಲೆ ಗೊತ್ತಿದ್ದವರ ಹತ್ರ ಇರ್ಲಿ."

"ಆಯ್ತು" ಎಂದರು ಅಜ್ಜ. ಊಟ ಅರ್ಧಕ್ಕೇ ಬಿಟ್ಟರೆಂದು ನೆನಪು.

ಮಗಳಿಗೆ ಮೀಟಿಂಗು ಇದ್ದುದರಿಂದ, ವಿಜಯದಶಮಿಯ ಮರುದಿನ ಅವರ ಜೊತೆ ರೈಲಿನಲ್ಲಿ ಹೋದವನು ನಾನು. ವ್ಯಾಪಾರಿ ಪತ್ರವನ್ನು ದೀಪದ ಕೆಳಗಿಟ್ಟು ಬಗ್ಗಿ ನೋಡಿದ. ಈ ಸಲ ಗಂಧವಿದ್ದದ್ದು ಗಾಜಿನ ಮೇಲಲ್ಲ. ಕಾಗದದ ಮೇಲೆ, ಸರಿಯಾಗಿ ಸಹಿಯ ಮೇಲೆ. ಶಾಯಿ ಕದಡಿ ಅಕ್ಷರ ಅಳಿಸಿಹೋಗಿತ್ತು. ಸಹಿಯಿಲ್ಲದ ಪತ್ರ ತನಗೆ ಬೇಡವೆಂದು ಮೆತ್ತಗೆ ಹೇಳಿ ಮೊದಲಿನಂತೆ ಸುತ್ತಿಕೊಟ್ಟ.

ವಾಪಸು ಬರುವಾಗ ಅಜ್ಜ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ಎಷ್ಟು ವರ್ಷ ಗಾಜಿಗೇ ಪೂಜೆ ಮಾಡುದು ಅಂತ ಈ ಸಲ ತೆಗೆದೆ. ಗಂಧ ಸ್ವಲ್ಪ ನೀರಾಯ್ತು ಕಾಣ್ತದೆ" ಎಂದರು.

ಆಮೇಲೆ ನಕ್ಕರು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಕ್ಕರೇ? ಕಿಟಕಿಯ ಕಡೆ ತಿರುಗಿದ್ದರು. ನನಗೆ ಕಂಡದ್ದು ಕಿವಿ, ಕೆನ್ನೆಯ ಅಂಚು... ನಗುವನ್ನು ನಾನು ಸೇರಿಸಿದ್ದಿರಬಹುದು. ಬೇಕೆಂದೇ ಮಾಡಿದ್ದರೆ ಪತ್ರ ಅವರಿಗೆ ಉಳಿಯಿತು. ಅರಿಯದೆ ಆದದ್ದಾದರೆ, ಮುತ್ತಜ್ಜನ ಪಾಠದ ಒಂದೇ ಗುರುತನ್ನು ತಮ್ಮ ಕೈಯಾರೆ ಅಳಿಸಿದ ಮನುಷ್ಯ ಸನ್ನಿವೇಲ್‌ವರೆಗೂ ನನ್ನ ಪಕ್ಕದಲ್ಲಿ ಒಬ್ಬರೇ ಕೂತಿದ್ದರು.

ಅವರು ತೀರಿಕೊಂಡು ವರ್ಷಗಳಾದವು. ಮಗಳ ಸಂಸಾರ ಗಿಲ್‌ರಾಯ್‌ಗೆ ಹೋಯಿತು; ಪತ್ರ ಅಲ್ಲಿ ಗೋಡೆಯ ಮೇಲಿದೆಯಂತೆ. ಇವತ್ತು ಅಂಗೈಯ ಗಂಧವನ್ನು ಯಾವುದಾದರೂ ಅಕ್ಷರಕ್ಕೆ ಹಚ್ಚೋಣವೆಂದು ಮನೆಯೆಲ್ಲ ಹುಡುಕಿದೆ. ನನಗಾಗಿ ಯಾರಾದರೂ ಕೈಯಲ್ಲಿ ಬರೆದ ಒಂದು ಸಾಲೂ ಸಿಗಲಿಲ್ಲ. ನಲ್ಲಿ ತಿರುಗಿಸಿ ಕೈ ತೊಳೆದುಕೊಂಡೆ.