ಗುತ್ಯಪ್ಪನ ಎಡಗಾಲು

ಇವತ್ತು ಬೆಳಿಗ್ಗೆ ಸ್ಕೂಟರಿನ ಡಿಕ್ಕಿಯಲ್ಲಿ ಇನ್ಶೂರೆನ್ಸ್ ಕಾಗದ ಇದೆಯೇ ಎಂದು ಮೂರನೆಯ ಸಲ ನೋಡುತ್ತಿದ್ದೆ. ಮೊದಲೆರಡು ಸಲವೂ ಇತ್ತು. ಆದರೂ ನೋಡಬೇಕು, ನನ್ನ ಜಾಯಮಾನವೇ ಹಾಗೆ. ಕಾಗದದ ಕೆಳಗೆ ಒಂದು ಬಟ್ಟೆಚೂರು ಸಿಕ್ಕಿತು. ಮೂಸಿದರೆ ಅದೇ ವಾಸನೆ. ಮಂಗನ ಕಾಯಿಲೆ ತರುವ ಉಣುಗು ಕಚ್ಚದಿರಲೆಂದು ಕಾಡಿಗೆ ಹೋಗುವವರು ಕೈಕಾಲಿಗೆ ಬಳಿದುಕೊಳ್ಳುವ ಎಣ್ಣೆಯದು. ವರ್ಷವಾದರೂ ಬಟ್ಟೆ ಬಿಟ್ಟು ಹೋಗಿಲ್ಲ. ನೀವು ಆ ವಾಸನೆ ನೋಡಿಲ್ಲವಾದರೆ ಪುಣ್ಯವಂತರು. ನನಗಂತೂ ಅದು ಮೂಗಿಗೆ ತಾಗಿದ್ದೇ ತಡ, ಕಣ್ಣ ಮುಂದೆ ಒಂದು ಎಡಗಾಲು ಬಂದು ನಿಲ್ಲುತ್ತದೆ.

ಎಣ್ಣೆ ಲೂಸಿ ಚಿಕ್ಕಮ್ಮನದು. ನನ್ನ ಅಮ್ಮನ ತಂಗಿ. ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾಗಿ ಕ್ಯಾಸನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಇದ್ದಾಳೆ. ಊರವರಿಗೆಲ್ಲ ಅವಳು ‘ಬಾಯಮ್ಮ’. ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಸಾಕು, ಎಣ್ಣೆ ಬಾಟಲಿ ಹಿಡಿದು ಕಾಡಿಗೆ ಹೋಗುವ ದಾರಿಯ ಬಾಯಲ್ಲಿ ಕಲ್ಲಿನ ಮೇಲೆ ಕೂರುತ್ತಾಳೆ. ಬಾಟಲಿಯನ್ನು ಯಾರ ಕೈಗೂ ಕೊಡುವುದಿಲ್ಲ. ‘ಕೊಟ್ರೆ ಅದು ಕಿಟಕಿ ಮೇಲೆ ಕೂರ್ತದೆ, ಇವ್ರು ಕಾಡಿಗೆ ಹೋಗ್ತಾರೆ’ ಅನ್ನುತ್ತಾಳೆ. ಕೂರಿಸಿ, ಕಾಲು ಎಳೆದುಕೊಂಡು, ಬೆರಳ ಸಂದಿಯನ್ನೂ ಬಿಡದೆ ತಾನೇ ತಿಕ್ಕುತ್ತಾಳೆ. ಒಮ್ಮೆ ನಾನು, ‘ಚಿಕ್ಕಮ್ಮ, ಕಾಲ ಕೆಟ್ಟಿದೆ. ಎಣ್ಣೆ ಹಚ್ಚಿ ಕ್ರೈಸ್ತ ಮತಕ್ಕೆ ಎಳೀತಾಳೆ ಅಂತ ಯಾರಾದ್ರೂ ಹೇಳಿದ್ರೆ?’ ಎಂದು ನನ್ನ ಚಿಂತೆ ತೋಡಿಕೊಂಡಿದ್ದೆ. ಪಕ್ಕದಲ್ಲಿ ಕೂತು ತಿಕ್ಕಿಸಿಕೊಳ್ಳುತ್ತಿದ್ದ ಹೆಂಗಸೇ ಉತ್ತರ ಹೇಳಿದಳು: ‘ಈ ನಾತಕ್ಕೆ ಯಾರು ಬರ್ತಾರೆ ಮಾರಾಯ್ರೆ!’

ಹೋದ ವರ್ಷದ ಪವಿತ್ರ ಗುರುವಾರ. ಈಸ್ಟರಿನ ಹಿಂದಿನ ಈ ಗುರುವಾರ, ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಶಿಕಾರಿಪುರದಲ್ಲಿ ನಾವಿರುವುದೇ ಬೆರಳೆಣಿಕೆಯ ಮನೆಗಳು. ಹನ್ನೆರಡು ಜನರನ್ನು ಕೂಡಿಸುವಷ್ಟರಲ್ಲಿ ಫಾದರಿಗೆ ಸಾಕುಸಾಕಾಗುತ್ತದೆ. ಆ ಸಲ ನಾನೂ ಒಬ್ಬ. ಒಂದು ಗುಟ್ಟು ಹೇಳುತ್ತೇನೆ: ಕೊಳಕು ಕಾಲು ಒಡ್ಡಿಕೊಂಡು ಆ ಬೆಂಚಿನ ಮೇಲೆ ಯಾರೂ ಕೂರುವುದಿಲ್ಲ. ಎಲ್ಲರೂ ಮನೆಯಲ್ಲೇ ಉಜ್ಜಿ ತೊಳೆದುಕೊಂಡು ಬರುತ್ತಾರೆ. ನಾನು ಮೂರು ದಿನದಿಂದ ಹಿಮ್ಮಡಿಯ ಬಿರುಕಿಗೆ ಮುಲಾಮು ಹಚ್ಚುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಕನ್ನಡಕದ ಅಂಗಡಿ ಇಟ್ಟವನು ನಾನು. ಊರವರೆಲ್ಲ ಕನ್ನಡಕ ಹಾಕಿಕೊಂಡು ನನ್ನ ಹಿಮ್ಮಡಿಯನ್ನೇ ನೋಡುವಂತೆ ಕನಸೂ ಬಿದ್ದಿತ್ತು.

ಅಂದು ಮಧ್ಯಾಹ್ನ ಅಂಗಡಿ ಮುಚ್ಚಿ, ಕಾಲಿಗೆ ಧೂಳು ತಾಗದಂತೆ ಸಾಕ್ಸು ಬೂಟು ಹಾಕಿ, ಚಿಕ್ಕಮ್ಮನನ್ನು ಸಂಜೆಯ ಚರ್ಚಿನ ಪೂಜೆಗೆ ಕರೆತರಲು ಹೊರಟೆ. ಹೋಗಿ ನೋಡಿದರೆ ಬೆಳಿಗ್ಗೆ ಊರ ಹಿಂದೆ ಮಂಗವೊಂದು ಸತ್ತುಬಿದ್ದಿದೆ. ಕೊಟ್ಟಿಗೆಗೆ ಹಾಸಲು ಒಣಗಿದೆಲೆ ಗುಡಿಸಿ ತರುವವರು ಮಾತ್ರ ಹೊರಟೇ ನಿಂತಿದ್ದಾರೆ. ಚಿಕ್ಕಮ್ಮ ಇನ್ನೊಂದು ಬಾಟಲಿ ನನ್ನ ಕೈಗಿಟ್ಟು, ‘ನೀ ಆಚೆ ದಾರಿಗೆ ಹೋಗು. ಒಬ್ಬರನ್ನೂ ಹಂಗೇ ಬಿಡಬೇಡ’ ಅಂದಳು.

ಆಚೆ ದಾರಿಯಲ್ಲಿ ಐದಾರು ಜನರಿಗೆ ಹಚ್ಚಿದೆ. ಕೊನೆಗೆ ಬಂದವನು ಗುತ್ಯಪ್ಪ. ಎಪ್ಪತ್ತು ದಾಟಿದ ರೈತ. ‘ಸೊಂಟ ಬಗ್ಗಲ್ಲ ಕನ್ನಡಕದೋರೆ, ನೀವೇ ಹಚ್ರಿ’ ಎಂದು ಕಲ್ಲಿನ ಮೇಲೆ ಕೂತು ಬಲಗಾಲು ಚಾಚಿದ. ಮೊಣಕಾಲವರೆಗೆ ಹಚ್ಚಿ ಮುಗಿಸುವಾಗ ಫೋನು ಬಂತು. ಫಾದರ್. ‘ಹನ್ನೊಂದು ಜನ ಖಾತ್ರಿಯಾಯ್ತು, ನೀವೆಲ್ಲಿ?’ ಗಡಿಯಾರ ನೋಡಿದೆ. ಒಂದೂವರೆ ಗಂಟೆಯ ದಾರಿ. ‘ಇನ್ನೊಂದು ಕಾಲು ಬಾಯಮ್ಮನ ಹತ್ರ ಹಚ್ಚಿಸಿಕೊಳ್ಳಿ ಗುತ್ಯಪ್ಪ, ನಾನು ತುರ್ತಾಗಿ ಹೋಗ್ಬೇಕು’ ಎಂದು ಕೈ ಒರೆಸಿಕೊಂಡ ಬಟ್ಟೆಯನ್ನು ಡಿಕ್ಕಿಗೆ ತುರುಕಿದೆ. ಅವನು ‘ಆಯ್ತು ಬಿಡ್ರಿ’ ಎಂದು ಎದ್ದು ನೇರ ಕಾಡಿನ ಕಡೆಗೇ ನಡೆದ. ನೋಡಿದೆ. ನೋಡಿಯೂ ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಈಚೆ ದಾರಿಯಲ್ಲಿ ಚಿಕ್ಕಮ್ಮ ಕೇಳಿದಳು, ‘ಎಲ್ಲರಿಗೂ ಆಯ್ತಾ?’

‘ಆಯ್ತು. ಹತ್ತು ಬೇಗ, ಪೂಜೆಗೆ ಹೊತ್ತಾಯ್ತು.’

‘ನೀ ಹೋಗು. ಇವ್ರೆಲ್ಲ ಹೊರಗೆ ಬರಬೇಕು, ಮೈ ನೋಡಬೇಕು, ಬಿಸಿನೀರಿಗೆ ಅಟ್ಟಬೇಕು. ನನ್ನ ಪೂಜೆ ಮುಗಿಯೋದು ಅಷ್ಟಾದ ಮೇಲೆ.’

ಪವಿತ್ರ ಗುರುವಾರವೇ ಪೂಜೆ ತಪ್ಪಿಸಿಕೊಂಡಳಲ್ಲ, ಇವಳ ಆತ್ಮದ ಗತಿಯೇನು ಎಂದು ಶಿರಾಳಕೊಪ್ಪದವರೆಗೂ ಕೊರಗಿದೆ. ಆಗಷ್ಟೇ ಸುಳ್ಳು ಹೇಳಿ ಬಂದವನು ನಾನು!

ಫಾದರ್ ನನ್ನ ಮುಂದೆ ಮಂಡಿಯೂರಿ ಬಲಗಾಲಿಗೆ ನೀರು ಹೊಯ್ದು, ಒರೆಸಿ, ಮುತ್ತಿಟ್ಟು, ಮುಂದಿನವನ ಕಡೆಗೆ ಸರಿದರು. ರೂಢಿ ಇರುವುದೇ ಹಾಗೆ, ಒಬ್ಬೊಬ್ಬರಿಗೆ ಒಂದೇ ಕಾಲು. ಹಾಗಾದರೆ ನಾನು ಮಾಡಿದ್ದೂ ಸರಿಯೇ ಎಂದು ಅರ್ಧ ನಿಮಿಷ ಸಮಾಧಾನವಾಯಿತು. ಆಮೇಲೆ ಬೋಗುಣಿಯೊಳಗೆ ನೋಡಿದೆ. ನನ್ನ ಕಾಲು ತೊಳೆದ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿತ್ತು. ತೊಳೆಯುವುದಕ್ಕೆ ಅಲ್ಲಿ ಏನೂ ಇರಲೇ ಇಲ್ಲ.

ಫೋನು ಮಾಡಿ ಚಿಕ್ಕಮ್ಮನಿಗೆ ಹೇಳಬಹುದಿತ್ತು. ಹೇಳಿದರೆ ಸುಳ್ಳು ಹೊರಬೀಳುತ್ತದಲ್ಲ, ಹೇಳಲಿಲ್ಲ. ಉಣುಗು ಕಚ್ಚಿದ್ದರೆ ಒಂದು ವಾರದೊಳಗೆ ಜ್ವರ ಕಾಣುತ್ತದೆ ಎಂದು ಅವಳೇ ಹೇಳಿದ್ದಳು. ಶುಕ್ರವಾರ, ಶನಿವಾರ ಎಂದು ದಿನ ಎಣಿಸಿದೆ. ಈಸ್ಟರ್ ಭಾನುವಾರ ಎಲ್ಲರೂ ಕೈ ಕುಲುಕಿ ಹಬ್ಬದ ಶುಭಾಶಯ ಹೇಳುತ್ತಿದ್ದರೆ ನನಗೆ ಗುತ್ಯಪ್ಪನ ಕಾಲೇ ಕಾಣುತ್ತಿತ್ತು. ಮಂಗಳವಾರ ಚಿಕ್ಕಮ್ಮನ ಫೋನು: ‘ಗುತ್ಯಪ್ಪಂಗೆ ಜ್ವರ ಕಣೋ, ಸೊರಬದ ಆಸ್ಪತ್ರೆಗೆ ಸೇರಿಸಿದೀವಿ. ನಾವು ಎಣ್ಣೆ ಹಚ್ಚಿದ್ವಲ್ಲ, ಹೆಂಗೆ ಬಂತು?’

ಹೇಗೆ ಸೊರಬ ಮುಟ್ಟಿದೆನೋ ಗೊತ್ತಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಗುತ್ಯಪ್ಪ ಕಂಬಳಿ ಹೊದ್ದು ನಡುಗುತ್ತಿದ್ದ. ಹೊರಗಿನ ಬೆಂಚಿನ ಮೇಲಿದ್ದ ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡೆ. ‘ಯಾವ ಕಾಲು ಬಿಟ್ಟಿದ್ದು?’ ಎಂದಳು ಅಷ್ಟೇ. ‘ಎಡಗಾಲು’ ಎಂದೆ. ಎದ್ದುಹೋಗಿ ಅವನ ಎಡಗಾಲಿನ ಕಂಬಳಿ ಸರಿಸಿ, ಬೆರಳ ಸಂದಿಯಿಂದ ತೊಡೆಯವರೆಗೆ ಬೆಳಕಿಗೆ ಹಿಡಿದು ಹುಡುಕತೊಡಗಿದಳು. ಗುತ್ಯಪ್ಪ ಕಣ್ಣು ತೆರೆದು ನನ್ನನ್ನು ಗುರುತಿಸಿದ.

‘ಎಂತ ಕನ್ನಡಕದೋರೆ, ಕಾಲು ತೊಳೆಸ್ಕಳಾಕೆ ಹೋಗಿದ್ರಂತೆ? ಎರಡೂ ತೊಳದ್ರಾ, ಒಂದೇನಾ?’

‘ಒಂದೇ’ ಎಂದೆ.

‘ಅವರಿಗೂ ಫೋನ್ ಬಂತು ಕಾಣ್ತದೆ’ ಎಂದು ನಗಲು ಹೋಗಿ ಕೆಮ್ಮಿದ.

ರಕ್ತ ಪರೀಕ್ಷೆಗೆ ಹೋಯಿತು. ಎರಡು ದಿನ ಆ ಬೆಂಚು ಬಿಟ್ಟು ಕದಲಲಿಲ್ಲ. ಗಂಜಿ ತಂದೆ, ಬೆವರಿದಾಗ ಒರೆಸಿದೆ, ಯಾರೂ ಹೇಳದಿದ್ದರೂ ಆ ಎಡಗಾಲನ್ನು ಒತ್ತಿದೆ. ಪ್ರಾರ್ಥನೆ ಮಾತ್ರ ಒಂದೂ ಬಾಯಿಗೆ ಬರಲಿಲ್ಲ. ಚಿಕ್ಕಮ್ಮನಿಗೆ ಹೇಳಿದರೆ, ‘ಕಾಲು ಒತ್ತುತಾ ಇದ್ದೀಯಲ್ಲ, ಒತ್ತು’ ಅಂದಳು. ಗುರುವಾರ ಡಾಕ್ಟರು ಬಂದು ಅದು ಮಂಗನ ಕಾಯಿಲೆ ಅಲ್ಲ, ಬೇರೆ ಜ್ವರ, ಇಳಿಯುತ್ತಿದೆ ಎಂದಾಗ ಬಾತ್‌ರೂಮಿಗೆ ಹೋಗಿ ಅತ್ತೆ. ಮುಖ ತೊಳೆದುಕೊಂಡು ಬರುವಾಗ ರಿಪೋರ್ಟು ಬೇರೆಯವರದ್ದೇನಾದರೂ ಆಗಿದ್ದರೆ ಎಂಬ ಚಿಂತೆ ಹಿಡಿಯಿತು. ಮತ್ತೆ ಹೋಗಿ ಕೇಳಿದೆ. ಡಾಕ್ಟರು ಬೈದರು.

ಇವತ್ತು ಮತ್ತೆ ಪವಿತ್ರ ಗುರುವಾರ. ಈ ವರ್ಷವೂ ಅತ್ತ ಎಲ್ಲೋ ಮಂಗ ಸತ್ತ ಸುದ್ದಿಯಿದೆ. ನನ್ನ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಫಾದರಿಗೆ ನಿನ್ನೆಯೇ ಹೇಳಿದ್ದೇನೆ. ಸಾಕ್ಸು ಬೂಟಿಲ್ಲದೆ ಬರೀ ಚಪ್ಪಲಿ ಮೆಟ್ಟಿ ಚಿಕ್ಕಮ್ಮನ ಊರಿಗೆ ಬಂದಿದ್ದೇನೆ, ಹಿಮ್ಮಡಿ ಬಿರಿದಿದೆ. ಆಚೆ ದಾರಿಯ ಕಲ್ಲಿನ ಮೇಲೆ ಗುತ್ಯಪ್ಪ ಆಗಲೇ ಕೂತಿದ್ದ. ನನ್ನ ಕೈಯಲ್ಲಿ ಬಾಟಲಿ ಕಂಡದ್ದೇ ಬಲಗಾಲನ್ನು ಹಿಂದಕ್ಕೆಳೆದುಕೊಂಡು ಎಡಗಾಲು ಚಾಚಿದ.

‘ಈ ಸಲ ಇದರಿಂದ ಶುರು ಮಾಡ್ರಿ.’

ಎಡಗಾಲು ಮುಗಿಸಿ ಬಲಗಾಲು ಹಿಡಿದಾಗ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಫಾದರಿಗೆ ಹನ್ನೆರಡನೆಯವನು ಸಿಕ್ಕಿಲ್ಲವೇನೋ ಎಂದು ಕಳವಳವಾಯಿತು. ಕೈತುಂಬ ಎಣ್ಣೆ. ಫೋನು ತನ್ನಷ್ಟಕ್ಕೆ ಸುಮ್ಮನಾಯಿತು. ಎಡಗಾಲಿನ ಬೆರಳ ಸಂದಿಗೆ ತಾಗಿತೋ ಇಲ್ಲವೋ ಎಂದು ಅದನ್ನೇ ಮತ್ತೊಮ್ಮೆ ಎಳೆದುಕೊಂಡೆ.