ಮೆಟ್ಟಿಲು ಹತ್ತಿದ ಕಾವಲುಗಾರರು

ಪಾರ್ಸೆಲ್ಲಿನ ಟೇಪು ಕತ್ತರಿಸಿದ ಕೂಡಲೇ ಆ ವಾಸನೆ ಬಂತು. ಹಳೆಯ ಪ್ಲಾಸ್ಟಿಕ್ಕಿಗೆ ಒಂದು ವಾಸನೆಯಿದೆ, ನೀವು ಗಮನಿಸಿದ್ದೀರೋ ಇಲ್ಲವೋ. ಸ್ವಲ್ಪ ಸಿಹಿ, ಸ್ವಲ್ಪ ಕಮಟು, ಬೇಸಿಗೆ ರಜೆಯೆಲ್ಲ ಮುಚ್ಚಿಟ್ಟಿದ್ದ ಕಂಪಾಸ್ ಬಾಕ್ಸನ್ನು ಜೂನಿನಲ್ಲಿ ತೆರೆದ ಹಾಗೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಬಂತಾ ಇನ್ನೊಂದು ಹೆಣ?" ಎಂದು ಕೇಳಿದಳು. ಹತ್ತಿಯಲ್ಲಿ ಸುತ್ತಿಕೊಂಡು ಬರುವ ನನ್ನ ಗೊಂಬೆಗಳಿಗೆ ಅವಳು ಇಟ್ಟಿರುವ ಹೆಸರು ಅದು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದಾಳೆ, ಅವಳಿಗೆ ಆ ಹಕ್ಕಿದೆ.

ಹತ್ತಿಯ ಒಳಗೆ ಅಂಗೈಯುದ್ದದ ಒಬ್ಬ ಹಸಿರು ಕಾವಲುಗಾರ ಮಲಗಿದ್ದ. ಎಂಬತ್ತರ ದಶಕದ ಕೊನೆಯಲ್ಲಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಬರುತ್ತಿದ್ದ ಒಂದು ಕಾರ್ಟೂನಿನವನು. ಮೋಡದ ಮೇಲೊಂದು ಕೋಟೆ, ಅದಕ್ಕೆ ಐದು ಜನ ಕಾವಲುಗಾರರು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಒಂದೊಂದು ಆಯುಧ. ಹಸಿರಿನವನ ಕೈಗೆ ಮಾತ್ರ ಆಯುಧವಿಲ್ಲ, ಲಾಟೀನು. ತೊಗರಿಬೇಳೆಯಷ್ಟು ದೊಡ್ಡ ಹಳದಿ ಲಾಟೀನು, ಮುಷ್ಟಿಯ ತೂತಿನಿಂದ ತೆಗೆದು ಹಾಕಬಹುದಾದದ್ದು. ಗೊಂಬೆಯ ಅಂಗಾಲಿನ ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ದೇವನಾಗರಿಯಲ್ಲಿ 'ಅಮೋಲ್' ಎಂದು ಬರೆದಿದ್ದರು. ಆ ಅಮೋಲನಿಗೂ ಈಗ ನನ್ನ ಹಾಗೆ ತಲೆ ನೆರೆತಿರಬಹುದು.

ಹೀಗೆ ಹಳೆಯ ಗೊಂಬೆಗಳನ್ನು ಹುಡುಕಿ ಕೂಡಿಡುವವರು ನಾವು ಆರೇಳು ಜನ ಇದ್ದೇವೆ. ತಿಂಗಳಿಗೊಮ್ಮೆ ದಾದರಿನ ಒಂದು ಹೋಟೆಲಿನಲ್ಲಿ ಸೇರುತ್ತೇವೆ. ಒಬ್ಬ ಬ್ಯಾಂಕ್ ಮ್ಯಾನೇಜರು, ಒಬ್ಬರು ಹಲ್ಲಿನ ಡಾಕ್ಟರು, ಎಲ್ಲರೂ ಮೊಮ್ಮಕ್ಕಳಾಗುವ ವಯಸ್ಸಿನವರು. ಚಹಾ ತಣ್ಣಗಾಗುತ್ತಿದ್ದರೂ ಲೆಕ್ಕಿಸದೆ ಒಂದು ಗೊಂಬೆಯ ಮೊಣಕಾಲು ಮಡಿಸಿ, ಮೂಗಿನ ಬಣ್ಣ ನೋಡಿ, ಹೆಣ್ಣು ನೋಡಲು ಹೋದ ಹಿರಿಯರ ಹಾಗೆ ತಲೆಯಾಡಿಸುತ್ತೇವೆ. ಅವರಿಗೆಲ್ಲ ಇದು ಬಾಲ್ಯದ ಸುಖ. ನಾನೂ ನಗುತ್ತಾ ಕೂತಿರುತ್ತೇನೆ, ನನ್ನದು ಸುಖವಲ್ಲ ಎಂದು ಅವರಿಗೆ ಹೇಳಿಲ್ಲ. ನಾನು ಹಾಳು ಮಾಡಿದ್ದನ್ನು ಒಂದೊಂದಾಗಿ ವಾಪಸು ತರುತ್ತಿದ್ದೇನೆ, ಅಷ್ಟೆ.

ಆಗ ನಾವು ಮಲಾಡಿನಲ್ಲಿದ್ದೆವು. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ, ಎರಡನೆಯ ಮಾಳಿಗೆ, ಒಂದು ರೂಮು ಒಂದು ಕಿಚನ್. ಅಪ್ಪ ಮೈಸೂರಿನವರು, ದಾದರಿನ ಒಂದು ಕಚೇರಿಯಲ್ಲಿ ಕೆಲಸ. ನನಗೆ ಹನ್ನೊಂದು ವರ್ಷ, ತಂಗಿ ವೀಣಾಳಿಗೆ ಆರು. ಅವಳ ಹುಟ್ಟುಹಬ್ಬಕ್ಕೆ ಅಪ್ಪ ದಾದರ್ ಸ್ಟೇಷನ್ನಿನ ಹೊರಗಿನ ಅಂಗಡಿಯಿಂದ ತಂದುಕೊಟ್ಟದ್ದು ಹಸಿರು ಕಾವಲುಗಾರ. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಪರೀಕ್ಷೆಯಲ್ಲಿ ಮೊದಲ ಮೂವರಲ್ಲಿ ಬಂದಾಗಲೆಲ್ಲ ಒಂದೊಂದು ಗೊಂಬೆ ಎಂದು ಅಪ್ಪನಿಂದ ಮಾತು ತೆಗೆದುಕೊಂಡೆ. ಓದುವುದರಲ್ಲಿ ನಾನು ಗಟ್ಟಿಗ. ವರ್ಷದೊಳಗೆ ಉಳಿದ ನಾಲ್ವರೂ ನಮ್ಮ ಮನೆಗೆ ಬಂದರು.

ಅವರು ಬಂದ ರಟ್ಟಿನ ಡಬ್ಬಿಗಳನ್ನೂ ನಾನು ಬಿಸಾಡಲಿಲ್ಲ. ಕೆಂಪಿನವನನ್ನು ಕೆಂಪು ಡಬ್ಬಿಯಲ್ಲಿ, ನೀಲಿಯವನನ್ನು ನೀಲಿ ಡಬ್ಬಿಯಲ್ಲಿ ಮಲಗಿಸಿ, ಕತ್ತಿ ಒಂದು ಕಡೆ, ಗುರಾಣಿ ಒಂದು ಕಡೆ ಜೋಡಿಸಿ, ಮುಚ್ಚಳ ಹಾಕಿ ಶೆಲ್ಫಿನ ಮೇಲಿಡುತ್ತಿದ್ದೆ. ದಿನಕ್ಕೊಮ್ಮೆ ತೆಗೆದು ಬನಿಯನ್ನಿನ ತುಂಡಿನಿಂದ ಒರೆಸುತ್ತಿದ್ದೆ. ಆಟ ಎಂದರೆ ನನಗೆ ಅಷ್ಟೇ. ಆ ವಯಸ್ಸಿಗೇ ನಾನೊಬ್ಬ ಪುಟ್ಟ ಗುಮಾಸ್ತನಾಗಿದ್ದೆ ಅನ್ನಿ.

ವೀಣಾ ಆಡುತ್ತಿದ್ದಳು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಐದೂ ಜನ ಡಬ್ಬಿಯಿಂದ ಹೊರಗೆ. ಕಾರ್ಟೂನಿನಲ್ಲಿ ಅವರು ಮಿಂಚಿನ ರಾಕ್ಷಸರೊಡನೆ ಹೋರಾಡಿದರೆ, ನಮ್ಮ ಮನೆಯಲ್ಲಿ ಆಫೀಸಿಗೆ ಹೋಗುತ್ತಿದ್ದರು. ಆಯುಧ ಹಿಡಿಯಲೆಂದು ಅವರ ಮುಷ್ಟಿ ಕೊಕ್ಕೆಯ ಹಾಗೆ ಬಾಗಿತ್ತಲ್ಲ, ಅದು ನಮ್ಮ ಕಿಟಕಿಯ ಗ್ರಿಲ್ಲಿನ ಸರಳಿಗೆ ಸರಿಯಾಗಿ ಕೂರುತ್ತಿತ್ತು. ಐವರನ್ನೂ ಒಂದೊಂದು ಕೈಯಲ್ಲಿ ಗ್ರಿಲ್ಲಿಗೆ ನೇತುಹಾಕಿ, ಕಿಟಕಿಯನ್ನೇ ಲೋಕಲ್ ಟ್ರೇನು ಮಾಡಿ, ಬಾಯಲ್ಲಿ ಹಾರನ್ ಹಾಕುತ್ತಾ ಅವಳು ಮಲಾಡಿನಿಂದ ದಾದರಿಗೆ ಹೊರಡುತ್ತಿದ್ದಳು. ಹಸಿರಿನವನಿಗೆ ಗಣಪು ಎಂದು ಹೆಸರು.

"ಅಣ್ಣಾ, ಗಣಪುಗೆ ಸೀಟ್ ಸಿಗ್ಲಿಲ್ಲ. ದಾದರ್ ತನಕ ಲಟಕ್ಕೊಂಡೇ ಹೋಗ್ಬೇಕು ಪಾಪ."

"ಅವನು ಸೈನಿಕ ಕಣೇ! ಲೋಕಲ್‌ನಲ್ಲಿ ಯಾಕೆ ಹೋಗ್ತಾನೆ?"

"ಮತ್ತೆ ಅಪ್ಪ ಹೋಗಲ್ವಾ?"

ಈಗ ಯೋಚಿಸಿದರೆ ಆ ಐದು ಗೊಂಬೆಗಳನ್ನು ಮಾಡಿದವನಿಗೂ ಅಷ್ಟು ಒಳ್ಳೆಯ ಆಟ ಹೊಳೆದಿರಲಿಕ್ಕಿಲ್ಲ ಅನಿಸುತ್ತದೆ. ಆಗ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು.

ಒಂದು ಸಂಜೆ ದಾದರಿಗೆ ಹೊರಟ ಗಣಪುವಿನ ಕೈಯಿಂದ ಲಾಟೀನು ಜಾರಿ ಕೆಳಗಿನ ಗಟಾರಕ್ಕೆ ಬಿತ್ತು. ನಾನು ಕೋಲು ಹಿಡಿದು ಕತ್ತಲಾಗುವ ತನಕ ಕೆದಕಿದೆ. ಪಕ್ಕದಲ್ಲಿ ವೀಣಾ ಫ್ರಾಕು ಎತ್ತಿ ಹಿಡಿದು ನಿಂತಿದ್ದಳು. "ಅವ್ನಿಗೆ ಬೇಡ ಅಣ್ಣ, ಲೋಕಲ್‌ನಲ್ಲಿ ಲೈಟ್ ಇರತ್ತೆ," ಎಂದಳು. ಗೊಂಬೆ ಅವಳದು, ಕಳೆದದ್ದು ಅವಳ ಲಾಟೀನು. ಆದರೂ ನನ್ನ ಸೆಟ್ಟು ಊನವಾಯಿತೆಂದು ನಾನು ಅವಳ ಬೆನ್ನಿಗೆ ಗುದ್ದಿದೆ. ಅಷ್ಟಕ್ಕೇ ಮುಗಿದಿದ್ದರೆ ಇದನ್ನೆಲ್ಲ ನಿಮಗೆ ಹೇಳುತ್ತಿರಲಿಲ್ಲ. ಅಣ್ಣಂದಿರು ಗುದ್ದುತ್ತಾರೆ, ತಂಗಿಯರು ಮರೆಯುತ್ತಾರೆ.

ನವರಾತ್ರಿ ಹತ್ತಿರ ಬಂದಿತ್ತು. ಆ ಒಂದೇ ರೂಮಿನಲ್ಲೂ ಅಮ್ಮ ಗೊಂಬೆ ಕೂರಿಸುವುದನ್ನು ಬಿಟ್ಟಿರಲಿಲ್ಲ. ಟ್ರಂಕು, ಸ್ಟೂಲು, ನನ್ನ ಓದುವ ಹಲಗೆ ಎಲ್ಲ ಸೇರಿಸಿ ಐದು ಮೆಟ್ಟಿಲು ಮಾಡಿ, ಬಿಳಿ ಪಂಚೆ ಹೊದಿಸಿ, ಮೇಲಿನ ಮೆಟ್ಟಿಲಲ್ಲಿ ತವರಿನಿಂದ ತಂದ ಮರದ ಪಟ್ಟದ ಗೊಂಬೆಗಳನ್ನು ಕೂರಿಸುತ್ತಿದ್ದಳು. ವರ್ಷಕ್ಕೊಂದು ಹೊಸ ಗೊಂಬೆ ಸೇರಲೇಬೇಕೆಂಬುದು ಅವಳ ನೇಮ. ಆ ವರ್ಷ ಊರಿಗೆ ಹೋಗಲಾಗದೆ ಹೊಸ ಗೊಂಬೆ ಬಂದಿರಲಿಲ್ಲ, ಅಮ್ಮ ಪೇಚಾಡುತ್ತಿದ್ದಳು. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಒಂದು ಸಲ ಮೆಟ್ಟಿಲು ಹತ್ತಿದ ಗೊಂಬೆಯನ್ನು ಆಮೇಲೆ ಮಕ್ಕಳ ಕೈಗೆ ಕೊಡುವಂತಿಲ್ಲ. ಹಬ್ಬ ಮುಗಿದರೆ ಅದು ಟ್ರಂಕಿಗೆ, ಮತ್ತೆ ಮುಂದಿನ ನವರಾತ್ರಿಗೇ. ವೀಣಾಳಿಗೆ ಇದು ತಿಳಿದಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು.

"ಅಮ್ಮ, ನಮ್ಮ ಕಾವಲುಗಾರರನ್ನ ಕೂರ್ಸು. ಐದು ಹೊಸಾ ಗೊಂಬೆ ಆಗತ್ತೆ," ಎಂದೆ.

ಅಮ್ಮ ಕೆಂಪಿನವನನ್ನು ಹಿಡಿದು ನೋಡಿದಳು. "ರಾಕ್ಷಸರ ಹಾಗಿದಾವಲ್ಲೋ."

"ಇಲ್ಲಮ್ಮ, ಕೋಟೆ ಕಾಯೋರು. ಪಟ್ಟದ ಗೊಂಬೆಗೆ ಕಾವಲು."

ಅಮ್ಮನ ಮುಖ ಅರಳಿತು. ವೀಣಾಳಂತೂ ಕುಣಿದೇ ಬಿಟ್ಟಳು. ತಾನೇ ಗಣಪುವನ್ನು ತೊಳೆದು, ಹಣೆಗೆ ಕುಂಕುಮ ಇಟ್ಟು, ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದಳು. ಬಿಲ್ಡಿಂಗಿನ ಹೆಂಗಸರೆಲ್ಲ ಅರಿಸಿನ ಕುಂಕುಮಕ್ಕೆ ಬಂದರು. ಎದುರುಮನೆಯ ಮರಾಠಿ ಆಂಟಿ ಕಾವಲುಗಾರರನ್ನು ನೋಡಿ "ಅಗಬಾಯಿ, ಕಿತೀ ಛಾನ್!" ಎಂದು ಮೆಚ್ಚಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಒಂಬತ್ತು ದಿನವೂ ವೀಣಾ ಗೊಂಬೆಗಳನ್ನು ಮುಟ್ಟಲಿಲ್ಲ. ಆರತಿಯಾದ ಮೇಲೆ ಕೈಮುಗಿದು, "ದಶಮಿ ಆದ್ಮೇಲೆ ಛುಟ್ಟಿ, ಆಮೇಲೆ ದಾದರ್," ಎಂದು ಗಣಪುವಿಗೆ ಹೇಳಿ ಬರುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕೋಸಂಬರಿ ತಿನ್ನುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ದಶಮಿಯ ಮರುದಿನ ಬೆಳಿಗ್ಗೆ ಅಮ್ಮ ಹಳೆಯ ಸೀರೆಯ ತುಂಡುಗಳನ್ನು ಹರಡಿಕೊಂಡು ಒಂದೊಂದೇ ಗೊಂಬೆ ಸುತ್ತತೊಡಗಿದಳು. ವೀಣಾ ಎದುರಿಗೆ ಕುಳಿತು ಫ್ರಾಕನ್ನು ಉಡಿಯ ಹಾಗೆ ಹರಡಿಕೊಂಡಿದ್ದಳು, ಐವರನ್ನೂ ಅದರಲ್ಲಿ ಹಾಕಿಸಿಕೊಂಡು ಹೋಗಲು. ಅಮ್ಮ ಗಣಪುವನ್ನೂ ಸುತ್ತಿದಳು.

"ಅಮ್ಮ, ಅದು ನಂದು."

"ಮೆಟ್ಲು ಹತ್ತಿದ್ದಾನಲ್ಲ ಪುಟ್ಟಿ. ಇನ್ನು ದೇವರ ಗೊಂಬೆ. ಮುಂದಿನ ವರ್ಷ ಬರ್ತಾನೆ."

ವೀಣಾ ಅಳಲಿಲ್ಲ. ಅಮ್ಮನ ಮುಖ ನೋಡಲೂ ಇಲ್ಲ. ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿದಳು. "ನಿಂಗೆ ಗೊತ್ತಿತ್ತು," ಎಂದಳು. ಉಡಿಯನ್ನು ಹಾಗೇ ಹಿಡಿದುಕೊಂಡು ಎದ್ದು ಕಿಟಕಿಯ ಹತ್ತಿರ ಹೋಗಿ ಕೂತಳು.

ನನಗೆ ಆಗ ಆದದ್ದು ಸಂತೋಷ, ಸುಳ್ಳು ಹೇಳಲಾರೆ. ನನ್ನ ಸೆಟ್ಟು ಉಳಿಯಿತಲ್ಲ! ಅಮ್ಮ ಟ್ರಂಕಿಗೆ ನಾಲ್ಕು ಡಾಂಬರ್ ಗೋಳಿ ಹಾಕಿದಳು, ನಮ್ಮ ಕಡೆ ನುಸಿಗುಳಿಗೆ ಅನ್ನುತ್ತಾರಲ್ಲ, ಅದು. ನನಗೆ ಅಷ್ಟು ಸಾಲದೆನಿಸಿತು. ಅಮ್ಮ ಅಡುಗೆಮನೆಗೆ ಹೋದಾಗ ಡಬ್ಬದಿಂದ ಒಂದು ಹಿಡಿ ತೆಗೆದು, ನನ್ನ ಕಾವಲುಗಾರರನ್ನೆಲ್ಲ ಬಿಚ್ಚಿ ಒಂದೇ ಸೀರೆಯ ತುಂಡಿನಲ್ಲಿ ಮಲಗಿಸಿ, ಒಬ್ಬೊಬ್ಬರ ಪಕ್ಕಕ್ಕೂ ಎರಡೆರಡು ಸೇರಿಸಿ ಬಿಗಿಯಾಗಿ ಗಂಟು ಕಟ್ಟಿದೆ. ಮರದ ಗೊಂಬೆಗೆ ಹುಳ ಹಿಡಿಯದಿರಲೆಂದು ಹಾಕುವ ಗುಳಿಗೆ ಅದು. ಪ್ಲಾಸ್ಟಿಕ್ಕಿಗೆ ಯಾವ ಹುಳ ಹಿಡಿಯುತ್ತದೆ ಎಂದು ಕ್ಲಾಸಿಗೆ ಎರಡನೆಯವನಾಗಿ ಬರುತ್ತಿದ್ದ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಮುಂದಿನ ನವರಾತ್ರಿಯ ತನಕ ವೀಣಾ ಕಾದಳು. ಟ್ರಂಕು ಇಟ್ಟಿದ್ದ ಅಟ್ಟದ ಕಡೆ ಕೈ ತೋರಿಸಿ, "ಗಣಪು ಮಲಗಿದಾನೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಟ್ರಂಕು ಇಳಿಸಿದ ದಿನ ಗಂಟು ಬಿಚ್ಚಿದ್ದು ಅವಳೇ. ಗುಳಿಗೆಗಳು ಕರಗಿ, ಅವುಗಳ ಜೊತೆ ಕಾವಲುಗಾರರೂ ಕರಗಿದ್ದರು. ಐವರೂ ಒಬ್ಬರಿಗೊಬ್ಬರು ಅಂಟಿ ಒಂದು ಮುದ್ದೆಯಾಗಿದ್ದರು. ಗಣಪುವಿಗೆ ಮುಖವೇ ಇರಲಿಲ್ಲ, ಕಣ್ಣು ಮೂಗು ಇದ್ದ ಕಡೆ ಸೀರೆಯ ನೇಯ್ಗೆ ಅಚ್ಚೊತ್ತಿಕೊಂಡಿತ್ತು. ಮರದ ರಾಜ ರಾಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಅಯ್ಯೋ, ನಾನು ನಾಲ್ಕೇ ಹಾಕಿದ್ದು," ಎಂದು ಅಮ್ಮ ಬೆರಗಾಗಿ ನಿಂತಳು. ನಾನು ಬಾಯಿ ಬಿಡಲಿಲ್ಲ. ವೀಣಾ ಆ ಮುದ್ದೆಯನ್ನು ನೆಲದ ಮೇಲಿಟ್ಟು, ಕೈ ಒರೆಸಿಕೊಂಡು, ಪಟ್ಟದ ಗೊಂಬೆಗಳನ್ನು ಒಂದೊಂದಾಗಿ ಅಮ್ಮನ ಕೈಗೆ ಎತ್ತಿಕೊಟ್ಟಳು. ಅಮ್ಮ ತಪ್ಪು ತನ್ನದೇ ಎಂದುಕೊಂಡೇ ತೀರಿಕೊಂಡಳು. ನಾನು ಅವಳಿಗೂ ಹೇಳಲಿಲ್ಲ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತದೆ.

ಅಲ್ಲಿಂದ ಮುಂದೆ ವೀಣಾ ನನ್ನ ಯಾವ ವಸ್ತುವನ್ನೂ ಕೇಳದೆ ಮುಟ್ಟಲಿಲ್ಲ. ಪೆನ್ಸಿಲ್ಲನ್ನೂ ಕೂಡ. ತೊಂಬತ್ತರ ಆಚೆ ಅವಳು ಮೇಲಿನ ಕ್ಲಾಸಿಗೆ ಬಂದಾಗ ನನ್ನ ಡಿಕ್ಷನರಿ ಬೇಕಾದರೆ ಎದುರುಮನೆಗೆ ಹೋಗಿ ಅವರದನ್ನು ತರುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ ಎಂದು ಎಲ್ಲರೂ ಹೊಗಳುತ್ತಿದ್ದರು.

ಈಗ ಅವಳ ಮನೆ ಸಾಂತಾಕ್ರೂಜಿನಲ್ಲಿ. ಹಬ್ಬ ಹುಣ್ಣಿಮೆಗೆ ಫೋನು, ಅಷ್ಟೆ. ಹಸಿರಿನವನು, ಅದೂ ಲಾಟೀನಿನ ಸಮೇತ, ಬಂದ ಮೇಲೆ ನನ್ನ ಐವರೂ ಪೂರ್ತಿಯಾಗಿದ್ದರು. ಹೋದ ಭಾನುವಾರ ಅವಳನ್ನು ಕರೆದೆ. ನುಸಿಗುಳಿಗೆಯ ವಿಷಯ ಹೇಳಿಬಿಡಬೇಕು, ಗೊಂಬೆಗಳನ್ನೆಲ್ಲ ಅವಳಿಗೇ ಕೊಟ್ಟುಬಿಡಬೇಕು ಎಂದು ಎರಡು ದಿನ ಮಾತು ಜೋಡಿಸಿಕೊಂಡಿದ್ದೆ. ಬಂದಳು. ನಾನು ಗಾಜಿನ ಕಪಾಟಿನ ಬೀಗ ತೆಗೆದು ಪಕ್ಕಕ್ಕೆ ಸರಿದು ನಿಂತೆ. ಅವಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಗಣಪು," ಎಂದಳು. ಧ್ವನಿ ಸಣ್ಣದಾಗಿತ್ತು. ನನ್ನ ಕಡೆ ತಿರುಗಿ, "ಅಣ್ಣಾ, ಮುಟ್ಲಾ?" ಎಂದು ಕೇಳಿದಳು.

"ಕೈ ತೊಳ್ಕೊಂಡು ಬಾ," ಎಂದೆ.

ಬಾಯಿಂದ ಹೊರಟೇ ಹೋಯಿತು. ಹನ್ನೊಂದು ವರ್ಷದ ಆ ಗುಮಾಸ್ತ ಒಳಗೆ ಇನ್ನೂ ಕೂತಿದ್ದಾನೆಂದು ನನಗೇ ತಿಳಿದಿರಲಿಲ್ಲ. ವೀಣಾ ನನ್ನನ್ನು ಒಂದು ಗಳಿಗೆ ನೋಡಿದಳು, ಆ ಬೆಳಿಗ್ಗೆ ಉಡಿ ಹಿಡಿದುಕೊಂಡು ನೋಡಿದ ಹಾಗೆಯೇ. ಹೋಗಿ ಸೋಪು ಹಾಕಿ ಕೈ ತೊಳೆದಳು, ಟವೆಲಿನಲ್ಲಿ ಒರೆಸಿಕೊಂಡಳು. ಅಡುಗೆಮನೆಗೆ ಹೋಗಿ ನನ್ನ ಹೆಂಡತಿಯ ಜೊತೆ ಕೂತು ಚಹಾ ಕುಡಿದಳು. ಕಪಾಟಿನ ಕಡೆ ಮತ್ತೆ ಬರಲಿಲ್ಲ. "ಬರ್ತೀನಿ ಅಣ್ಣ, ಟ್ರೇನ್ ರಶ್ ಆಗತ್ತೆ," ಎಂದು ಚಪ್ಪಲಿ ಮೆಟ್ಟಿ ಹೊರಟಳು. ಜೋಡಿಸಿಕೊಂಡಿದ್ದ ಮಾತೆಲ್ಲ ನನ್ನಲ್ಲೇ ಉಳಿಯಿತು.

ಅವಳು ಹೋದ ಮೇಲೆ ಗಣಪುವನ್ನು ಕಪಾಟಿನಿಂದ ತೆಗೆದು ಕಿಟಕಿಯ ಹತ್ತಿರ ತಂದೆ. ಮುಷ್ಟಿ ಈಗಲೂ ಗ್ರಿಲ್ಲಿಗೆ ಸರಿಯಾಗಿ ಕೂತಿತು. ಗಾಳಿಗೆ ಸ್ವಲ್ಪ ತೂಗುತ್ತಾ, ಸೀಟು ಸಿಗದೆ ದಾದರಿಗೆ ಹೊರಟವನ ಹಾಗೆಯೇ ಇದ್ದ. ಇಂದಿಗೆ ವಾರವಾಯಿತು, ಅಲ್ಲೇ ಇದ್ದಾನೆ, ನಾನು ಒಳಗಿಟ್ಟಿಲ್ಲ. ಆದರೆ ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ, ಅವನನ್ನು ನೇತುಹಾಕುವ ಮೊದಲು ಕೈಯಲ್ಲಿದ್ದ ಲಾಟೀನನ್ನು ಜೋಪಾನವಾಗಿ ಬಿಚ್ಚಿ, ಡಬ್ಬಿಯಲ್ಲಿಟ್ಟು, ಕಪಾಟಿಗೆ ಬೀಗ ಹಾಕಿಯೇ ಬಂದಿದ್ದೆ.